ಹೃದಯದ ದಿನಚರಿ

ಹೃದ್ರೋಗತಜ್ಞರು ‘ಹೋಲ್ಟರ್ ಪರೀಕ್ಷೆ ಮಾಡಿಸಿ’ ಎಂದು ಚೀಟಿ ಬರೆದುಕೊಟ್ಟಾಗ ಅದು ಯಾವುದೋ ಯಂತ್ರದ ಹೆಸರೆಂದೇ ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಒಬ್ಬ ಸಂಶೋಧಕರ ಹೆಸರು. 1914ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಪಟ್ಟಣದಲ್ಲಿ ಜನಿಸಿದ ನಾರ್ಮನ್ ಹೋಲ್ಟರ್ ವೈದ್ಯರಲ್ಲ, ಭೌತವಿಜ್ಞಾನಿ. 1946ರ ಬಿಕಿನಿ ಅಣುಬಾಂಬ್ ಪರೀಕ್ಷೆಯಲ್ಲಿ ಕಡಲಿನ ಅಲೆಗಳನ್ನು ಅಳೆದ ಅವರು, ಮರುವರ್ಷ ಹುಟ್ಟೂರಿನಲ್ಲಿಯೇ ಪ್ರಯೋಗಾಲಯ ತೆರೆದು ಮಾನವದೇಹದ ಸೂಕ್ಷ್ಮ ವಿದ್ಯುತ್ ಅಲೆಗಳ ಬೆನ್ನುಹತ್ತಿದರು.

ಸಾಮಾನ್ಯ ಇ.ಸಿ.ಜಿ.ಯಲ್ಲಿ ರೋಗಿಯನ್ನು ಮಲಗಿಸಿ ಕೆಲವೇ ಕ್ಷಣಗಳ ಬಡಿತವನ್ನು ದಾಖಲಿಸುತ್ತಾರೆ. ಹೃದಯವಾದರೋ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಮೆಟ್ಟಿಲೇರುವಾಗಲೋ, ಸಿಟ್ಟುಗೊಂಡಾಗಲೋ, ನಡುರಾತ್ರಿಯ ನಿದ್ರೆಯಲ್ಲೋ ಲಯ ತಪ್ಪಿ ಮತ್ತೆ ಸರಿಹೋಗುವ ಹೃದಯವು ಆಸ್ಪತ್ರೆಯ ಮಂಚದ ಮೇಲೆ ಬಲು ಸಾಧುವಾಗಿ ವರ್ತಿಸೀತು. ವರದಿ ಸರಿಯಾಗಿದೆಯೆಂದು ಮನೆಯವರು ನಿಶ್ಚಿಂತರಾಗುತ್ತಾರೆ; ತಲೆಸುತ್ತಿ ಬಿದ್ದ ಹಿರಿಯರ ಮಾತನ್ನು ಬರಿಯ ಭಯವೆಂದು ತಳ್ಳಿಹಾಕುವುದೂ ಉಂಟು.

ನಡೆದಾಡುವ ಮನುಷ್ಯನ ಹೃದಯವನ್ನು ನೋಡಬೇಕೆಂಬುದು ಹೋಲ್ಟರರ ಹಟ. ಅವರ ಆರಂಭದ ಉಪಕರಣದ ತೂಕ ಸುಮಾರು 38 ಕಿಲೋ! ತೊಡುವ ಸಾಧನವೆನ್ನುವುದಕ್ಕಿಂತ ಹೊರುವ ಸಾಧನವೆನ್ನುವುದೇ ಸರಿ. ಅದನ್ನು ಬೆನ್ನಿಗೇರಿಸಿಕೊಂಡು, ನಿಂತಲ್ಲೇ ನಿಂತ ಸೈಕಲ್ಲನ್ನು ತುಳಿಯುತ್ತಿದ್ದರೆ ಹೃದಯದ ಸಂಕೇತಗಳು ರೇಡಿಯೋ ಮೂಲಕ ರವಾನೆಯಾಗುತ್ತಿದ್ದವು. ಟ್ರಾನ್ಸಿಸ್ಟರ್ ಬಂದ ಮೇಲೆ ಭಾರವಿಳಿಯಿತು. ಸಂಕೇತಗಳನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುವಂತಾದಾಗ ರೇಡಿಯೋದ ಹಂಗೂ ಉಳಿಯಲಿಲ್ಲ. ಆದರೆ ಗಂಟೆಗಟ್ಟಲೆಯ ದಾಖಲೆಯನ್ನು ಕುಳಿತು ನೋಡುವವರಾರು? ಟೇಪನ್ನು 60 ಪಟ್ಟು ವೇಗದಲ್ಲಿ ಓಡಿಸಿ, ಬಡಿತಗಳನ್ನು ಪರದೆಯಲ್ಲಿ ಒಂದರ ಮೇಲೊಂದು ಮೂಡಿಸುವ, ಜೊತೆಗೆ ಧ್ವನಿಯಾಗಿಯೂ ಕೇಳಿಸುವ ವಿಧಾನವನ್ನು ಅವರು ರೂಪಿಸಿದರು. ಒಂದು ಗಂಟೆಯ ಬಡಿತ ಒಂದೇ ನಿಮಿಷದಲ್ಲಿ ಕಣ್ಣಮುಂದೆ ಹಾದುಹೋಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಪೆಟ್ಟಿಗೆಯನ್ನು ಕಿರಿದಾಗಿಸಿದ್ದಕ್ಕಿಂತ ಇದೇ ಮಿಗಿಲಾದ ಸಾಧನೆ. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. 1983ರಲ್ಲಿ ಅವರು ತೀರಿಕೊಂಡರು.

ಇಂದು ಆ ಸಾಧನ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸಾಮಾನ್ಯವಾಗಿ 24 ಅಥವಾ 48 ಗಂಟೆ ತೊಡಿಸುತ್ತಾರೆ. ಆದರೆ ಆ ದಿನ ಹಿರಿಯರನ್ನು ಹಾಸಿಗೆಯಿಂದ ಕದಲಗೊಡದ ಮನೆಗಳಿವೆ. ಹಾಗೆ ಮಾಡಿದರೆ ಪರೀಕ್ಷೆಯ ಉದ್ದೇಶವೇ ಕೆಡುತ್ತದೆ. ವೈದ್ಯರು ಬೇಡವೆಂದಿರದಿದ್ದರೆ ಅವರು ಎಂದಿನಂತೆ ನಡೆಯಲಿ, ಮನೆಗೆಲಸ ಮಾಡಲಿ. ಉಪಕರಣ ನೆನೆಯದಂತೆ ನೋಡಿಕೊಳ್ಳಬೇಕು. ಎದೆ ಡವಗುಟ್ಟಿದ, ಕಣ್ಣು ಕತ್ತಲಿಟ್ಟ ಹೊತ್ತನ್ನು ಗಡಿಯಾರ ನೋಡಿ ಬರೆದಿಡಬೇಕು. ಅಜ್ಜಿಗೆ ಬರೆಯಲು ಬಾರದಿದ್ದರೆ ಮೊಮ್ಮಕ್ಕಳು ಬರೆಯಲಿ. ವೈದ್ಯರು ಆ ಚೀಟಿಯನ್ನು ಯಂತ್ರದ ದಾಖಲೆಯ ಪಕ್ಕದಲ್ಲಿಟ್ಟು ನೋಡುತ್ತಾರೆ.