ಹೆಸರಿನ ಹೊಸತನ, ಊರಿನ ಗುರುತು: ಧಾರವಾಡ ಗ್ರಾಮೀಣ ಭಾಗದ ಗಂಡುಮಕ್ಕಳ ಹೆಸರುಗಳನ್ನು ಕುರಿತು

ಗಂಡುಕೂಸಿಗೆ ಇಡುವ ಹೆಸರು ಓಣಿಯಲ್ಲಿ ಇನ್ನೊಬ್ಬರಿಗೆ ಇರಬಾರದು. ಆದರೆ ಕೇಳಿದವರು 'ಇದೆಂಥ ಹೆಸರು' ಎಂದು ಹುಬ್ಬೇರಿಸಲೂ ಬಾರದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಲ್ಲಿ ಎಳೆಯ ತಂದೆತಾಯಿಗಳು ಇಂದು ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಮುಂದಿಡುತ್ತಿದ್ದಾರೆ. ಮನೆಯ ಹಿರಿಯರು ಇದನ್ನು ಹೊಸಕಾಲದ ಹುಚ್ಚು ಎಂದು ಬಗೆಯುವುದುಂಟು. ನಾಡುನುಡಿಯ ಅಭಿಮಾನಿಗಳು ಇದರಲ್ಲಿ ಕನ್ನಡತನದ ನಾಶವನ್ನೇ ಕಾಣುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಶಂಬಾ ಜೋಶಿಯವರು ಎಡೆಗಳ ಹೆಸರುಗಳಿಂದ ಕನ್ನಡನಾಡಿನ ಕಥೆಯನ್ನು ಬಿಡಿಸಿಟ್ಟ, ಎಂ.ಎಂ. ಕಲಬುರ್ಗಿಯವರು ನಾಮವಿಜ್ಞಾನವನ್ನು ಕುರಿತು ದುಡಿದ ಈ ಧಾರವಾಡದ ನೆಲದಲ್ಲಿಯೇ ತೊಟ್ಟಿಲಲ್ಲಿರುವ ಕೂಸಿನ ಹೆಸರನ್ನು ಕುರಿತ ಮಾತು ಇಷ್ಟು ತೆಳುವಾಗಿರಬಾರದಿತ್ತು.

ಮೊದಲು ಗಮನಿಸಬೇಕಾದದ್ದು, ಈ ಭಾಗದಲ್ಲಿ ವ್ಯಕ್ತಿಯನ್ನು ಬೇರೆಯಾಗಿ ಗುರುತಿಸುವ ಹೊಣೆ ಇಟ್ಟ ಹೆಸರಿನ ಮೇಲೆ ಎಂದೂ ಪೂರ್ತಿಯಾಗಿ ಬಿದ್ದಿರಲಿಲ್ಲ ಎಂಬುದನ್ನು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಅಂಕಣಗಳ ಪದ್ಧತಿ ಕಾಗದಪತ್ರಗಳಲ್ಲಿ ನೆಲೆಯೂರಿತು. ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ ಎಂಬ ಪೂರ್ಣನಾಮವೇ ಇದಕ್ಕೆ ನಿದರ್ಶನ. ಒಂದೇ ತರಗತಿಯಲ್ಲಿ ನಾಲ್ವರು ಬಸವರಾಜರಿದ್ದರೂ ತೊಡಕಿಲ್ಲ. ಒಬ್ಬ ಅಂಗಡಿ, ಒಬ್ಬ ಹೂಗಾರ, ಒಬ್ಬ ಮೆಣಸಿನಕಾಯಿ, ಇನ್ನೊಬ್ಬ ಹುಣಸಿಮರದ. ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಎಂಬ ಅಡ್ಡಹೆಸರುಗಳನ್ನು ಕೇಳಿ ಹಳೆಯ ಮೈಸೂರು ಭಾಗದವರು ಈಗಲೂ ಸೋಜಿಗಪಡುತ್ತಾರೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿಯೂ ಇದೇ ನ್ಯಾಯ ಕಾಣುತ್ತದೆ. ಮಾಚಯ್ಯ, ಚೌಡಯ್ಯ, ಕಕ್ಕಯ್ಯ ಎಂಬವು ಊರೂರಿನಲ್ಲಿ ಇರಬಹುದಾದ ಹೆಸರುಗಳು. ಮಡಿವಾಳ, ಅಂಬಿಗರ, ಡೋಹರ ಎಂಬ ಮುನ್ನುಡಿಗಳೇ ಅವರನ್ನು ಬೇರ್ಪಡಿಸುವುದು. ಹೀಗಾಗಿ ಇಟ್ಟ ಹೆಸರು ಯಾವ ಅಂಜಿಕೆಯೂ ಇಲ್ಲದೆ ಸಾಮಾನ್ಯವಾಗಿರಬಹುದಿತ್ತು. ಅದರ ಕೆಲಸ ಬೇರ್ಪಡಿಸುವುದಲ್ಲ, ಕೂಡಿಸುವುದು.

ಯಾವುದಕ್ಕೆ ಕೂಡಿಸುವುದು? ಬಹುಮಟ್ಟಿಗೆ ಒಂದು ಗದ್ದುಗೆಗೆ, ಒಂದು ಜಾತ್ರೆಗೆ. ನವಲಗುಂದದ ಸುತ್ತ ನಾಗಲಿಂಗ ಎಂದರೆ ಅಜಾತ ನಾಗಲಿಂಗಸ್ವಾಮಿಗಳ ಮಠ ಕಣ್ಣಮುಂದೆ ಬರುತ್ತದೆ. ಉಳವಪ್ಪ ಎಂದರೆ ಉಳವಿಯ ಚನ್ನಬಸವಣ್ಣ. ಚಕ್ಕಡಿ ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೋಗುವ ರೈತನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಗದ ಮಡಿವಾಳೇಶ್ವರರಿಂದ ಮಡಿವಾಳಪ್ಪ, ಹುಬ್ಬಳ್ಳಿಯ ಸಿದ್ಧಾರೂಢರಿಂದ ಆರೂಢ, ಸವದತ್ತಿಯ ಎಲ್ಲಮ್ಮನಿಂದ ಎಲ್ಲಪ್ಪ, ಶಿರಹಟ್ಟಿಯ ಫಕೀರೇಶ್ವರರಿಂದ ಫಕ್ಕೀರಪ್ಪ. ಅರಬ್ಬಿ ಮೂಲದ 'ಫಕೀರ'ಕ್ಕೆ ಕನ್ನಡದ 'ಅಪ್ಪ' ಕೂಡಿದ ಈ ಕೊನೆಯ ಹೆಸರನ್ನು ಹಿಂದೂ ಮನೆತನಗಳು ಯಾವ ಸಂಕೋಚವೂ ಇಲ್ಲದೆ ಇಟ್ಟುಕೊಂಡು ಬಂದಿವೆ. ಮತಸಾಮರಸ್ಯ ಕುರಿತ ಎಷ್ಟೋ ಉಪನ್ಯಾಸಗಳು ಹೇಳಲಾರದ್ದನ್ನು ಅದು ಹೇಳುತ್ತದೆ. ಸ್ವಾರಸ್ಯವೆಂದರೆ ಇಂಥ ಹೆಸರುಗಳು ಊರೊಳಗೆ ಚಿರಪರಿಚಿತ, ಊರ ಹೊರಗೆ ಅಪರೂಪ. ಬೆಂಗಳೂರಿನ ಒಂದು ಕಚೇರಿಯಲ್ಲಿ ಇಬ್ಬರು ಉಳವಪ್ಪರು ಸಿಗುವುದು ಕಷ್ಟ. ಇಂದಿನ ಬೇಡಿಕೆಗೆ ಪರಂಪರೆಯಲ್ಲಿಯೇ ಉತ್ತರವಿದೆ ಎಂದು ಇಲ್ಲಿಗೆ ಮಾತು ಮುಗಿಸಬಹುದಿತ್ತು.

ಆದರೆ ಅದು ಅರ್ಧಸತ್ಯ. 'ಅಪ್ಪ' ಎಂಬ ಗೌರವ ಎಲ್ಲರಿಗೂ ಸಮನಾಗಿ ದಕ್ಕಿದ್ದಲ್ಲ. ಉಳ್ಳವರ ಮನೆಯ ಬಸ್ಯಾ ಬೆಳೆದು ಬಸಪ್ಪನಾಗುತ್ತಿದ್ದ. ಇಲ್ಲದವರ ಮನೆಯ ಬಸ್ಯಾ ಮೊಮ್ಮಕ್ಕಳನ್ನು ಕಂಡ ಮೇಲೂ ಗೌಡರ ಕಟ್ಟೆಯ ಮುಂದೆ ಬಸ್ಯಾನೇ. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲೆಂದು ಇಟ್ಟ ತಿಪ್ಪಣ್ಣ ಎಂಬ ಹೆಸರಿನ ಹಿಂದಿನ ದುಃಖ ಶಾಲೆಯ ಹುಡುಗರಿಗೆ ತಿಳಿಯದು; ತಿಳಿಯುವುದು ತಿಪ್ಪೆ ಮಾತ್ರ. 1956ರ ಅಂಬೇಡ್ಕರರ ಬೌದ್ಧದೀಕ್ಷೆಯ ತರುವಾಯ ದಲಿತ ಕುಟುಂಬಗಳಲ್ಲಿ ಭೀಮರಾವ, ಸಿದ್ಧಾರ್ಥ, ಗೌತಮ, ರಾಹುಲ ಎಂಬ ಹೆಸರುಗಳು ಕಾಣಿಸಿಕೊಂಡದ್ದನ್ನು ಅಭಿರುಚಿಯ ಬದಲಾವಣೆ ಎನ್ನಲಾಗದು. ಅದು ಕರೆಯುವವನ ಬಾಯನ್ನು ತಿದ್ದುವ ಪ್ರಯತ್ನ. ಜಾತಿಯ ಸುಳಿವು ಕೊಡದ ಹೆಸರನ್ನು ಮಗನಿಗಾಗಿ ಹುಡುಕುವ ತಂದೆಗೆ ದೇಸಿಯ ಸೊಗಸನ್ನು ಬೋಧಿಸುವವರು, ತಮ್ಮ ಹೆಸರು ತಮಗೆ ಎಂದಾದರೂ ಭಾರವಾಗಿತ್ತೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿ ಹೆಣ್ಣುಮಕ್ಕಳದು. ಅದು ಚರ್ಚೆಗೆ ಬರುವುದೇ ಕಡಿಮೆ. ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇಲ್ಲಿ ಬಲವಾದುದು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದೆಂಬುದೂ ಅಷ್ಟೇ ಬಲವಾದ ರೂಢಿಯಾಗಿತ್ತು. ಪರಿಣಾಮವಾಗಿ ಹೆತ್ತ ತಾಯಿಗೇ ಮಗನ ಹೆಸರು ನಿಷಿದ್ಧ. ಆಕೆ ಅವನನ್ನು ಅಪ್ಪಾಜಿ, ಸಾವಕಾರ ಎಂದೇನೋ ಕರೆದು ಬೆಳೆಸಬೇಕು. ಬಣ್ಣದ ಕಲಘಟಗಿ ತೊಟ್ಟಿಲು ತವರಿನಿಂದ ಬರುತ್ತದೆ; ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುವ ಹಕ್ಕು ಸೋದರತ್ತೆಯದು; ಹೆಸರು ಗಂಡನ ಮನೆಯ ಹಿರಿಯನದು. ನೆರೆದವರಿಗೆ ಗುಗ್ಗರಿ ಹಂಚುವ ಆ ಸಂಭ್ರಮದಲ್ಲಿ ತಾಯಿಯ ಆಯ್ಕೆ ಎಂಬುದಕ್ಕೆ ಜಾಗವೇ ಇರಲಿಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಕಾಗದದ ಹೆಸರಿನಲ್ಲಿ ತಂದೆ ಇದ್ದಾರೆ. ತಾಯಿ ಅಂಬಿಕೆ ಬರಲು 'ಅಂಬಿಕಾತನಯದತ್ತ' ಎಂಬ ಕಾವ್ಯನಾಮವೇ ಬೇಕಾಯಿತು. ಕಾಲೇಜು ಮೆಟ್ಟಿಲು ಹತ್ತಿ ಬಂದ ಸೊಸೆ ಇಂದು ತನಗೆ ಬೇಕಾದ ಹೆಸರನ್ನು ಮುಂದಿಡುತ್ತಿದ್ದರೆ ಅದನ್ನು ಹುಚ್ಚು ಎನ್ನುವುದು ಅನ್ಯಾಯ.

ಆಕ್ಷೇಪವಿರುವುದು ಹೊಸ ಹೆಸರಿನ ಬಗೆಗಲ್ಲ, ಅದನ್ನು ಹುಡುಕುವ ದಾರಿಯ ಬಗೆಗೆ. ಪಂಚಾಂಗದ ಅವಕಹಡ ಚಕ್ರವು 27 ನಕ್ಷತ್ರಗಳ 108 ಪಾದಗಳಿಗೆ ಒಂದೊಂದು ಅಕ್ಷರವನ್ನು ಗೊತ್ತುಪಡಿಸುತ್ತದೆ. ಆರ್ದ್ರೆಗೆ ಕು, ಘ, ಙ, ಛ. ಉತ್ತರಾಭಾದ್ರೆಗೆ ದು, ಥ, ಝ, ಞ. ಙ, ಞ ಅಕ್ಷರಗಳಿಂದ ಮೊದಲಾಗುವ ಹೆಸರನ್ನು ಕನ್ನಡದಲ್ಲಿ ಎಲ್ಲಿಂದ ತರುವುದು? ಹಿಂದೆ ಆ ಅಕ್ಷರದ ಹೆಸರು ಜಾತಕದಲ್ಲಿ ಉಳಿದು, ಕರೆಯುವ ಹೆಸರು ಬೇರೆಯಾಗಿರುತ್ತಿತ್ತು. ಈಗ ಅಕ್ಷರವನ್ನು ಹಿಡಿದು ಮೊಬೈಲಿನ ಪಟ್ಟಿಯನ್ನು ಜಾಲಾಡಿ ವಿಹಾನ್, ಆರವ್, ಅಥರ್ವ್ ಎಂದು ಆರಿಸಲಾಗುತ್ತಿದೆ. ಆದರೆ ಅದೇ ಪಟ್ಟಿ ಎಲ್ಲರ ಕೈಯಲ್ಲಿಯೂ ಇದೆ. ಅನನ್ಯವೆಂದು ತಂದ ಹೆಸರು ಕೂಸು ಅಂಗನವಾಡಿಗೆ ಕಾಲಿಡುವ ಹೊತ್ತಿಗೆ ಅಲ್ಲಿ ಮೊದಲೇ ಕುಳಿತಿರುತ್ತದೆ. ಅದಕ್ಕಿಂತ ಮುಖ್ಯವಾದುದು ಉಚ್ಚಾರದ ಪ್ರಶ್ನೆ. ಧಾರವಾಡದ ಕನ್ನಡ ಸ್ವರಾಂತವನ್ನು ಬಯಸುತ್ತದೆ. ಬೆಂಗಳೂರಿನ ಬಸವರಾಜ್ ಇಲ್ಲಿ ಬಸವರಾಜ, ಪಾಟೀಲ್ ಇಲ್ಲಿ ಪಾಟೀಲ. ಆಡುನುಡಿ ಮಹಾಪ್ರಾಣವನ್ನೂ ಅಷ್ಟಾಗಿ ಉಳಿಸಿಕೊಳ್ಳದು. ವೃಷಭನನ್ನು ಬಸವನನ್ನಾಗಿಯೂ ವೀರಭದ್ರನನ್ನು ಈರಪ್ಪನನ್ನಾಗಿಯೂ ಮಾಡಿಕೊಂಡ ಬಾಯಿ ಇದು. ಹೊಲದ ಒಡ್ಡಿನ ಮೇಲೆ ನಿಂತು ಕೂಗುವಾಗ ಅಥರ್ವ್ 'ಅತರ್ವ್ಯಾ' ಆಗದೆ ಉಳಿಯುವ ಸಂಭವ ಕಡಿಮೆ.

ಈ ತೊಡಕು ಮೊದಲು ಇಷ್ಟು ಗಂಭೀರವಾಗಿರಲಿಲ್ಲ. ಮನೆಯ ಹೆಸರು ಒಂದು, ಶಾಲೆಯ ಹೆಸರು ಒಂದು. ಒಂದನೆಯ ತರಗತಿಗೆ ಸೇರಿಸುವ ದಿನ ಗುರುಗಳು ಎಲ್ಲರ ಹುಟ್ಟುಹಬ್ಬವನ್ನೂ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಹೆಸರಿಗೂ ಎರಡನೆಯ ಅವಕಾಶವಿತ್ತು. 1969ರ ಜನನ ಮರಣ ನೋಂದಣಿ ಕಾಯ್ದೆಯು ಹೆಸರಿಲ್ಲದೆ ನೋಂದಾಯಿಸಿ ತರುವಾಯ ಹೆಸರು ಸೇರಿಸಲು ಎಡೆ ಕೊಟ್ಟಿದೆ. ಆದರೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ತೊಟ್ಟಿಲ ದಿನದ ಹೆಸರು ಕಾಗದದ ಮೇಲೆ ಜೀವನಪೂರ್ತಿ ನಿಲ್ಲುತ್ತದೆ; ಅದರ ಇಂಗ್ಲಿಷ್ ಕಾಗುಣಿತ ಕೂಡ.

ಹಾಗಿದ್ದರೆ ಪಟ್ಟಿಯ ಬದಲು ಊರಿನ ನೆನಪನ್ನು ಜಾಲಾಡುವುದು ಲೇಸು. ಅಲ್ಲಮ, ಆರೂಢ, ಚನ್ನಬಸವ ಎಂಬವು ಚಿಕ್ಕವು, ಸ್ವರಾಂತವಾದವು, 'ಅಪ್ಪ' ಸೇರಿದರೂ ಸೇರದಿದ್ದರೂ ನಿಲ್ಲಬಲ್ಲವು. ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದ ಅಬ್ಬಣಬ್ಬೆಯ ಮಗ ಪಂಪನೆಂಬುದನ್ನು ಅವನ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನ ತಿಳಿಸುತ್ತದೆ. ನಾಗಚಂದ್ರನಿಗೆ ಅಭಿನವಪಂಪ ಎನಿಸಿಕೊಳ್ಳುವುದೇ ಹೆಮ್ಮೆಯಾಗಿತ್ತು. ಆದರೂ ಅಣ್ಣಿಗೇರಿಯ ಸುತ್ತಲಿನ ಕೂಸಿಗೆ ಪಂಪ ಎಂದು ಹೆಸರಿಟ್ಟರೆ ಮೊದಲು ನೆನಪಾಗುವುದು ಕೊಳವೆಬಾವಿಯ ಪಂಪೇ ಇರಬಹುದು. ಆ ತೊಡಕನ್ನು ಒಪ್ಪಿಕೊಳ್ಳಬೇಕು. ನವಲಗುಂದದವರ ಕೈಯಳತೆಯಲ್ಲಿಯೇ ಇನ್ನೊಂದು ಹೆಸರಿದೆ: ಅಜಾತ. ಮಠದಿಂದಾಗಿ ಸುತ್ತಲಿನವರ ಕಿವಿಗೆ ಅದು ಹಳೆಯದು, ಹಾಜರಿ ಪುಸ್ತಕಕ್ಕೆ ಹೊಸದು. ಹುಟ್ಟಿಲ್ಲದವನು ಎಂಬುದು ಅದರ ನಿಘಂಟಿನ ಅರ್ಥ. ಜಾತಿಯಿಲ್ಲದವನು ಎಂದೂ ಕೇಳುವವರಿಗೆ ಅದು ಕೇಳಿಸುತ್ತದೆ.