ಕಂಪ್ಯೂಟರ್ ಬರುವ ಮುನ್ನ ಬರಬೇಕಾದ ‘ತ್ರೀ ಫೇಸ್’

ಕಲಬುರಗಿ ನಗರದಲ್ಲಿ ‘ತ್ರೀ ಫೇಸ್’ ಎಂದರೆ ಮೀಟರ್‌ವರೆಗೆ ಬರುವ ಮೂರು ತಂತಿಗಳು. ಸುಮಾರು 35 ಕಿ.ಮೀ. ದೂರದ ಕಮಲಾಪುರದ ಹೊಲಗಳಲ್ಲಿ ಅದೇ ಮಾತಿಗೆ ಅರ್ಥ ಬೇರೆ. ಅಲ್ಲಿ ಅದೊಂದು ವೇಳಾಪಟ್ಟಿ. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ವಿದ್ಯುತ್ ನೀಡುವುದು ರಾಜ್ಯದ ಘೋಷಿತ ನೀತಿ. ಬರದ ವರ್ಷವಾದ 2023ರ ಅಕ್ಟೋಬರ್‌ನಲ್ಲಿ ಅದು 5 ಗಂಟೆಗೆ ಇಳಿದಾಗ ರೈತರು ಬೀದಿಗಿಳಿದದ್ದು ನೆನಪಿರಬಹುದು.

ಐಟಿ ಉದ್ಯಮ ಬೆಂಗಳೂರಿನಾಚೆಗೆ ವಿಸ್ತರಿಸಬೇಕು, ತಾಲ್ಲೂಕು ಕೇಂದ್ರಗಳಲ್ಲೂ ದೊಡ್ಡ ಕಂಪ್ಯೂಟರ್ ಪ್ರಯೋಗಾಲಯಗಳು ಬರಬೇಕು ಎಂಬ ಬೇಡಿಕೆ ಕಲ್ಯಾಣ ಕರ್ನಾಟಕದಲ್ಲಿ ನ್ಯಾಯವಾದದ್ದೇ. ಆದರೆ ಈ ಯಂತ್ರಗಳಿಗೆ ಎಂಥ ವಿದ್ಯುತ್ ಬೇಕು ಎಂಬ ಪ್ರಶ್ನೆ ಚರ್ಚೆಗೆ ಬರುವುದೇ ಅಪರೂಪ.

ಲೆಕ್ಕ ಕಷ್ಟದ್ದಲ್ಲ. ತಲಾ 150 ವ್ಯಾಟ್‌ನ 40 ಕಂಪ್ಯೂಟರ್‌ಗಳಿಗೆ 6 ಕಿಲೋವ್ಯಾಟ್ ಬೇಕು. ಹವಾನಿಯಂತ್ರಕ ಸೇರಿದರೆ 8ರ ಹತ್ತಿರ. 230 ವೋಲ್ಟ್‌ನ ಒಂದೇ ಫೇಸ್‌ನಲ್ಲಿ ಇದಕ್ಕೆ ಸುಮಾರು 35 ಆಂಪಿಯರ್ ಹರಿಯಬೇಕು. ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಬಳಸುವ ಎನ್ವಿಡಿಯಾದ ‘ಡಿಜಿಎಕ್ಸ್ ಎಚ್100’ ಸರ್ವರ್ ಒಂದೇ ಗರಿಷ್ಠ 10.2 ಕಿಲೋವ್ಯಾಟ್ ಬಳಸುತ್ತದೆ. ಸಿಂಗಲ್ ಫೇಸ್‌ನಲ್ಲಿ ಅದಕ್ಕೆ 44 ಆಂಪಿಯರ್ ಬೇಕು. ಮೂರು ಫೇಸ್‌ಗೆ ಸಮನಾಗಿ ಹಂಚಿದರೆ ಪ್ರತಿ ತಂತಿಗೆ ಬೀಳುವುದು 15 ಆಂಪಿಯರ್‌ನಷ್ಟು ಮಾತ್ರ. ಹೊರೆ ಸರಿಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಪ್ರವಾಹ ಉಳಿಯುವುದಿಲ್ಲ. ಅದೇ ದಪ್ಪದ ತಂತಿಯಲ್ಲಿ ಶಾಖವಾಗಿ ಪೋಲಾಗುವ ವಿದ್ಯುತ್ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ 43 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇದು ಸಣ್ಣ ಲಾಭವಲ್ಲ.

ಕುತೂಹಲದ ಸಂಗತಿಯೆಂದರೆ, ಆ ಸರ್ವರ್‌ನೊಳಗಿನ ಪವರ್ ಸಪ್ಲೈಗಳು ಪ್ರತಿಯೊಂದೂ ಸಿಂಗಲ್ ಫೇಸ್‌ನವೇ. ಪಂಪ್‌ಸೆಟ್ ಮೋಟಾರಿಗೆ ತಿರುಗಲು ಮೂರೂ ಫೇಸ್ ಒಟ್ಟಿಗೆ ಬೇಕು. ಕಂಪ್ಯೂಟರ್‌ಗೆ ಬೇಕಿರುವುದು ಹೊರೆಯ ಸರಿಯಾದ ಹಂಚಿಕೆ. ಆದ್ದರಿಂದಲೇ ಮೂರು ತಂತಿ ಎಳೆದ ಮಾತ್ರಕ್ಕೆ ಕೆಲಸ ಮುಗಿಯದು. ಎಲ್ಲ ಯಂತ್ರಗಳನ್ನೂ ಒಂದೇ ಫೇಸ್‌ಗೆ ಜೋಡಿಸಿದರೆ ತ್ರೀ ಫೇಸ್ ಇದ್ದೂ ಇಲ್ಲದಂತೆ. ಅದಕ್ಕಿಂತ ಅಪಾಯಕಾರಿ ನ್ಯೂಟ್ರಲ್ ಕಡಿಯುವುದು. ಆಗ ಕಡಿಮೆ ಹೊರೆಯಿರುವ ಫೇಸ್‌ನ ವೋಲ್ಟೇಜ್ 230ರಿಂದ 300ಕ್ಕೂ ಮೀರಿ ಏರಬಹುದು. ಮನೆಯಲ್ಲಿ ಟಿ.ವಿ. ಸುಟ್ಟರೆ ಸಹಿಸಿಕೊಳ್ಳುತ್ತೇವೆ, ಕಾಲೇಜಿನ ಪ್ರಯೋಗಾಲಯ ಸುಟ್ಟರೆ ಮತ್ತೊಂದು ಅನುದಾನಕ್ಕೆ ಎಷ್ಟು ವರ್ಷ ಕಾಯಬೇಕು? ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಮರೆತುಬಿಟ್ಟರೆ ಮೇ ತಿಂಗಳ ಹೊತ್ತಿಗೆ ಅದು ಒಣಗಿರುತ್ತದೆ. ಅದಕ್ಕೆ ನೀರು ಹೊಯ್ಯುವ ಹೊಣೆ ಯಾರದೆಂಬುದು ಯಾವ ಕಡತದಲ್ಲೂ ಇರುವುದಿಲ್ಲ!

ಕಮಲಾಪುರದಂಥ ತಾಲ್ಲೂಕಿನಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ನಿರಂತರ ಜ್ಯೋತಿ ಯೋಜನೆಯು ಊರಿನ ಫೀಡರನ್ನು ಪಂಪ್‌ಸೆಟ್ ಫೀಡರ್‌ನಿಂದ ಬೇರ್ಪಡಿಸಲೆಂದೇ ಬಂದದ್ದು. ಊರಿನೊಳಗಿನ ಕಚೇರಿಗೆ ಇದರಿಂದ ಅನುಕೂಲ. ಆದರೆ ಅಗ್ಗದ ಜಾಗವೆಂದು ಊರ ಹೊರಗೆ ಹೊಲದಂಚಿನಲ್ಲಿ ಕಟ್ಟಿದ ಶಾಲೆ ಅಥವಾ ಕಾಲೇಜು ಪಂಪ್‌ಸೆಟ್ ಫೀಡರ್‌ಗೆ ಸೇರಿಬಿಟ್ಟರೆ, ಅಲ್ಲಿನ ಮೂರು ಫೇಸ್‌ನ ಸರ್ವರ್ ಕೂಡ ರೈತನ ವೇಳಾಪಟ್ಟಿಯಲ್ಲೇ ಬದುಕಬೇಕು. ಯುಪಿಎಸ್ ಮತ್ತು ಡೀಸೆಲ್ ಜನರೇಟರ್ ಇದಕ್ಕೆ ದುಬಾರಿ ಉತ್ತರ.

ರಾಯಚೂರು ಶಾಖೋತ್ಪನ್ನ ಕೇಂದ್ರದ 1,720 ಮೆಗಾವ್ಯಾಟ್, ಯರಮರಸ್‌ನ 1,600 ಮೆಗಾವ್ಯಾಟ್ ಸಾಮರ್ಥ್ಯ ಈ ಭಾಗದಲ್ಲೇ ಇದೆ. ವಿದ್ಯುತ್ ಹುಟ್ಟುವ ನೆಲಕ್ಕೆ ಗುಣಮಟ್ಟದ ವಿದ್ಯುತ್ ಕೇಳುವ ಹಕ್ಕಿದೆ. ಆದರೆ ಹೊಣೆ ಜೆಸ್ಕಾಂ ಒಂದರದ್ದೇ ಅಲ್ಲ. ತಿಂಗಳ ನಿಗದಿತ ಶುಲ್ಕ ಮಂಜೂರಾದ ಲೋಡ್‌ಗೆ ತಕ್ಕಂತೆ ಏರುವುದರಿಂದ ಲೋಡ್ ಕಡಿಮೆ ತೋರಿಸುವ ಆಸೆ ಸಂಸ್ಥೆಗಳಿಗೂ ಇರುತ್ತದೆ. ಹಾಗೆ ಉಳಿಸಿದ ಹಣಕ್ಕಿಂತ ಒಮ್ಮೆ ಸುಟ್ಟ ಯಂತ್ರದ ಬೆಲೆ ಹೆಚ್ಚು.

ನಗರದ ಮಟ್ಟಿಗೂ ಮಿತಿ ದೂರವಿಲ್ಲ. ಇಂದಿನ ಅತಿ ಶಕ್ತಿಶಾಲಿ ಸರ್ವರ್‌ಗಳ ಒಂದೇ ರ್‍ಯಾಕ್ 120 ಕಿಲೋವ್ಯಾಟ್‌ನಷ್ಟು ಬೇಡುತ್ತದೆ. ಬಡಾವಣೆಯ ಕಂಬದ ಮೇಲಿನ 100 ಕೆವಿಎ ಟ್ರಾನ್ಸ್‌ಫಾರ್ಮರ್ ಅದಕ್ಕೆ ಸಾಲದು. 11 ಕೆವಿ ಮಾರ್ಗದಿಂದ ಪ್ರತ್ಯೇಕ ಸಂಪರ್ಕ, ಸ್ವಂತ ಟ್ರಾನ್ಸ್‌ಫಾರ್ಮರ್ ಬೇಕು. ಕಂಪ್ಯೂಟರ್ ಖರೀದಿಯ ಕಡತ ಒಂದು ಮೇಜಿನಲ್ಲಿ, ಲೋಡ್ ಮಂಜೂರಾತಿಯ ಅರ್ಜಿ ಇನ್ನೊಂದರಲ್ಲಿ ಎಂಬಂತಾದರೆ, ಯಂತ್ರಗಳು ಪೆಟ್ಟಿಗೆಯಲ್ಲೇ ಹಳೆಯದಾಗುತ್ತವೆ. ಯಾವ ಫೀಡರ್, ಎಷ್ಟು ಕಿಲೋವ್ಯಾಟ್, ನ್ಯೂಟ್ರಲ್ ಮತ್ತು ಅರ್ಥಿಂಗ್ ಪರೀಕ್ಷೆ ನಡೆದ ದಿನಾಂಕ ಯಾವುದು ಎಂಬ ವಿವರ ಟೆಂಡರ್ ಕರೆಯುವ ಮುನ್ನವೇ ಖರೀದಿ ಕಡತದಲ್ಲಿ ಇರಬೇಕೆಂದು ಕಲ್ಯಾಣ ಕರ್ನಾಟಕದ ಶಾಸಕರು ಒತ್ತಾಯಿಸಬಹುದು.