ಒಳ್ಳೇ ಪಂಜರ ಅಂದ್ರೆ ಯಾರಿಗೆ ಒಳ್ಳೇದು?

ಮೊನ್ನೆ ಟೀ ಕುಡೀತಾ ಟೀಮಿನ ಗೆಳೆಯ ಕೇಳಿದ, "ಮಗಾ, ಗಿಳಿಗೆ ಒಳ್ಳೇ ಕ್ವಾಲಿಟಿ ಪಂಜರ ಎಲ್ಲಿ ಸಿಗತ್ತೆ?" ನಮ್ಮನೇಲಿ ಕಾಕಟೀಲ್ ಇದೆ ನೋಡಿ, ಈ ವಿಷಯಕ್ಕೆ ನಾನೇ ಆಫೀಸಿನ ಪಂಡಿತ :-)

ಅವನು ಫೋನಲ್ಲಿ ತೋರಿಸಿದ್ದು ಚಿನ್ನದ ಬಣ್ಣದ, ಗುಮ್ಮಟದಂಥ ದುಂಡು ಪಂಜರ. ಅಲ್ಲ ಸ್ವಾಮಿ, ಇದು ಗಿಳಿಗೋ, ನಿಮ್ಮ ಮನೆ ಶೋಕಿಗೋ? ಗಿಳಿ ಕೊಕ್ಕಲ್ಲಿ ಕಂಬಿ ಹಿಡಿದು ಹತ್ತೋ ಹಕ್ಕಿ, ಅದಕ್ಕೆ ಅಡ್ಡ ಕಂಬಿ ಬೇಕು. ಎರಡೂ ರೆಕ್ಕೆ ಪೂರ್ತಿ ಬಿಚ್ಚುವಷ್ಟು ಅಗಲ ಬೇಕು. ಅಗ್ಗದ ತಂತಿಯ ಸತುವಿನ ಲೇಪ ಕಚ್ಚಿ ತಿಂದರೆ ವಿಷ. ನಮ್ಮ ಮೊದಲ ಕಾಕಟೀಲ್ ಸತ್ತಾಗ ಡಾಕ್ಟರು ಹೇಳಿದ್ದು ಇದನ್ನೇ. ಆ ಪಂಜರ ಆರಿಸಿದ್ದು ನಾನೇ.

"ನಿಂದು ಯಾವ ಗಿಳಿ?" ಅಂದೆ. "ಊರಿಂದ ತಂದಿದ್ದು ಕಣೋ, ಹಸಿರು ಗಿಳಿ, ಕತ್ತಲ್ಲಿ ಗುಲಾಬಿ ಪಟ್ಟೆ. ರೆಕ್ಕೆ ಕತ್ತರಿಸಿದೀವಿ."

ನಮ್ಮ ಕಾಡಿನ ಗಿಳಿ ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದಕ್ಕೆ ಕ್ವಾಲಿಟಿ ಪಂಜರ ಅನ್ನೋದೇ ಇಲ್ಲ. ಅರಣ್ಯ ಇಲಾಖೆಗೆ ಒಪ್ಪಿಸು ಅಂದೆ.

"ನೀನು ಸಾಕಿದ್ರೆ ಸರಿ, ನಾನು ಸಾಕಿದ್ರೆ ತಪ್ಪಾ?" ಅಂತ ಎದ್ದು ಹೋದ. ನಂದು ಆಸ್ಟ್ರೇಲಿಯಾ ತಳಿ, ಪಂಜರದಲ್ಲೇ ಹುಟ್ಟಿದ್ದು ಅನ್ನೋಣ ಅಂತಿದ್ದೆ... ಅದೇನು ಮಹಾ ಉತ್ತರ ಅನ್ನಿಸಲಿಲ್ಲ.